ಎಡಗಣ್ಣಿಗೆ ಬಂದ ಲೆನ್ಸ್

"ಈ ಬಳೆಯ ಬಾಯಿ ಕೂಡಿಲ್ಲ ಸಾರ್. ನೀವು ಎಷ್ಟು ಸಲ ನೋಡಿದ್ರೂ ಕೂಡಲ್ಲ."

ಗೂಬೆ ಮೇಡಂ ಪೆನ್ನಿನ ತುದಿಯಿಂದ ಪರದೆಯನ್ನು ತೋರಿಸಿದರು. ಬೂದು ಬಣ್ಣದ ಮೆದುಳು, ಅದರೊಳಗೆ ಬೆಳ್ಳಗೆ ಹೊಳೆಯುವ ಒಂದು ಸುತ್ತು. ಸುತ್ತು ಪೂರ್ತಿಯಾಗಿರಲಿಲ್ಲ. ಮೆದುಳಿನ ಹೊರಪದರದ ಕಡೆಗೆ ಬಾಯಿ ಬಿಟ್ಟುಕೊಂಡಿತ್ತು.

ಕತ್ತರಿ ಸಾಹೇಬರು ಕೈಕಟ್ಟಿ ನಿಂತಿದ್ದರು. "ಬಳೆ ಒಡೆದಿದ್ರೇನು, ಇಡಿಯಾಗಿದ್ರೇನು? ಗಡ್ಡೆ ಗಡ್ಡೇನೇ. ನಾಳೆ ಬೆಳಿಗ್ಗೆ ತೆಗೀತೀನಿ."

ಈ ಎರಡು ಅಡ್ಡಹೆಸರುಗಳನ್ನು ಇಟ್ಟ ಪುಣ್ಯಾತ್ಮ ನಾನೇ. ಮೇಡಂ ದಿನವಿಡೀ ಕಿಟಕಿಯಿಲ್ಲದ ಕತ್ತಲೆ ಕೋಣೆಯಲ್ಲಿ ಕೂತು ಸ್ಕ್ಯಾನ್ ಚಿತ್ರಗಳನ್ನು ಓದುತ್ತಾರೆ, ಆದ್ದರಿಂದ ಗೂಬೆ. ಸಾಹೇಬರು ಮೆದುಳಿನ ಸರ್ಜನ್, ಆದ್ದರಿಂದ ಕತ್ತರಿ. ನಾನು ಸ್ಕ್ಯಾನ್ ಯಂತ್ರ ನಡೆಸುವವನು. ನನಗೇನು ಹೆಸರಿಟ್ಟಿದ್ದಾರೋ ಗೊತ್ತಿಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ.

ವಿಷಯ ಇಷ್ಟು: ನಮ್ಮಲ್ಲಿ ದಾಖಲಾದ, ಗಡಿಯಾರ ರಿಪೇರಿ ಮಾಡುವ ಒಬ್ಬ ಅಕ್ಕನ ಬಲಗೈ ಒಂದು ದಿನ ಇದ್ದಕ್ಕಿದ್ದಂತೆ ಚಿಮಟ ಹಿಡಿಯದಾಯಿತು, ಆಮೇಲೆ ಒಮ್ಮೆ ಫಿಟ್ಸ್ ಬಂತು, ಸ್ಕ್ಯಾನ್ ಮಾಡಿದರೆ ಮೆದುಳಿನ ಎಡಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಮಚ್ಚೆ. ಆಪರೇಷನ್ನಿನ ಸರದಿ ಬರುವಷ್ಟರಲ್ಲಿ ವಾರಗಳು ಕಳೆದಿದ್ದವು. ನಾಳೆ ಬೆಳಿಗ್ಗೆ ಸರದಿ.

"ಇಷ್ಟು ದಪ್ಪ ಆಸಾಮಿ ಒಳಗೆ ಬಂದು ಕೂತಿದ್ದಾನೆ," ಎಂದರು ಮೇಡಂ. "ಆದ್ರೆ ಅಕ್ಕಪಕ್ಕದವರು ಯಾರೂ ಜರುಗೇ ಇಲ್ಲ. ಊತ ಇಲ್ಲ, ತಳ್ಳಾಟ ಇಲ್ಲ. ಗಡ್ಡೆ ಆಗಿದ್ರೆ ಇಷ್ಟು ಮರ್ಯಾದಸ್ಥನಾಗಿ ಇರ್ತಿತ್ತಾ?"

"ಹಾಗಾದ್ರೆ ಯಾರು ಅಂತೀರಿ?"

"ಶಂಕಿತರು ಮೂರು ಜನ. ಮೊದಲನೆಯವನು ನೀವು ಹೇಳೋ ಗಡ್ಡೆ, ಮೆದುಳಿನಲ್ಲೇ ಹುಟ್ಟಿದ ಕ್ಯಾನ್ಸರ್. ಅವನಿಗೆ ಕತ್ತರೀನೇ ಮದ್ದು. ಎರಡನೆಯವನು ಲಿಂಫೋಮಾ. ಅವನೂ ಕ್ಯಾನ್ಸರೇ, ಆದ್ರೆ ಕತ್ತರಿಗೆ ಬಗ್ಗಲ್ಲ, ಔಷಧಿಗೆ ಬಗ್ತಾನೆ. ಮೂರನೆಯವನು ಗಡ್ಡೆಯೇ ಅಲ್ಲ. ಗಡ್ಡೆಯ ವೇಷ ಹಾಕಿದವನು."

ಆ ಮೂರನೆಯವನ ಬಗ್ಗೆ ಮೇಡಂ ನನಗೆ ಮೊದಲೇ ಹೇಳಿದ್ದರು. ನರ ಎಂದರೆ ಕರೆಂಟ್ ತಂತಿ ಇದ್ದ ಹಾಗೆ, ಅದರ ಮೇಲೆ ಒಂದು ಹೊದಿಕೆ ಇರುತ್ತದೆ. ದೇಹವನ್ನು ಕಾಯಬೇಕಾದ ಕಣಗಳೇ ದಾರಿ ತಪ್ಪಿ ಆ ಹೊದಿಕೆಯನ್ನು ಸುಲಿದು ಹಾಕುತ್ತವೆ. ತಂತಿ ಮಾತ್ರ ಬಹುಮಟ್ಟಿಗೆ ಉಳಿದಿರುತ್ತದೆ. ತಂತಿ ಉಳಿದರೆ ಅಕ್ಕನ ಕೈ ಉಳಿಯುತ್ತದೆ. ಕತ್ತರಿ ಹಾಕಿದರೆ ಹೊದಿಕೆಯ ಜೊತೆ ತಂತಿಯೂ ಹೋಗುತ್ತದೆ, ಮತ್ತೆ ಆ ಕೈ ಚಿಮಟ ಹಿಡಿಯುವುದಿಲ್ಲ.

"ಒಂದು ಚೂರು ಮಾತ್ರ ತೆಗೆದು ನೋಡಬಹುದಲ್ಲ ಸಾರ್?" ಎಂದೆ ನಾನು, ಬಾಯಿ ತಡೆಯದೆ.

"ಚೂರನ್ನ ಅವಸರದಲ್ಲಿ ನೋಡಿದ್ರೆ ಅದೂ ಮೋಸ ಮಾಡುತ್ತೆ," ಮೇಡಂ ಅವರೇ ಉತ್ತರ ಕೊಟ್ಟರು. "ಈ ವೇಷಗಾರನ ಜೀವಕೋಶಗಳು ಮೇಲ್ನೋಟಕ್ಕೆ ಕ್ಯಾನ್ಸರ್ ಹಾಗೇ ಕಾಣ್ತವೆ. ಬೆಳ್ಳಗಿರೋದೆಲ್ಲ ಹಾಲಲ್ಲ."

ಸಾಹೇಬರು ನಗಲಿಲ್ಲ. ಅವರು ಕೆಟ್ಟವರಲ್ಲ, ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

"ನಾನು ಕತ್ತರಿಸಿ ತಪ್ಪು ಮಾಡಿದ್ರೆ ಅವಳ ಕೈ ಹೋಗುತ್ತೆ," ಎಂದರು ಮೆಲ್ಲಗೆ. "ಕತ್ತರಿಸದೆ ತಪ್ಪು ಮಾಡಿದ್ರೆ ಜೀವ ಹೋಗುತ್ತೆ. ನೀವೇ ಹೇಳಿ, ಯಾವ ತಪ್ಪು ಮಾಡ್ಲಿ?"

ಮೇಡಂ ಮತ್ತೆ ಪರದೆಯ ಕಡೆ ತಿರುಗಿದರು. ಸಾಹೇಬರು ಬಿಡಲಿಲ್ಲ.

"ನಿಮ್ಮ ಮೂರನೆಯವನು ಒಂದೇ ಮನೆಗೆ ಕನ್ನ ಹಾಕಿ ತೆಪ್ಪಗಿರೋ ಕಳ್ಳ ಅಲ್ಲ ಅಂತ ನೀವೇ ಪಾಠ ಮಾಡ್ತೀರಿ. ಬೇರೆ ಕಾಲದಲ್ಲಿ, ಬೇರೆ ಜಾಗದಲ್ಲಿ ಅವನು ಹಾಕಿದ ಹಳೇ ಕನ್ನ ಒಂದನ್ನ ತೋರಿಸಿ."

"ಎಷ್ಟೋ ಸಲ ಇದೇ ಮೊದಲನೇ ಕನ್ನ ಆಗಿರುತ್ತೆ ಸಾರ್."

"ಆಗಿದ್ರೆ ನಿಮ್ಮ ದುರದೃಷ್ಟ. ಹಳೇದು ಸಿಕ್ಕಿದ್ರೆ ಬನ್ನಿ, ಚಾಕು ಕೆಳಗಿಡ್ತೀನಿ."

ಅವರು ಹೋದ ಮೇಲೆ ಮೇಡಂ ಕುರ್ಚಿಯಿಂದ ಎದ್ದರು. ಕತ್ತಲೆ ಕೋಣೆ ಬಿಟ್ಟು ಮೇಡಂ ಹೊರಗೆ ಬರುವುದೆಂದರೆ ಆಸ್ಪತ್ರೆಯಲ್ಲಿ ಅದೊಂದು ಸುದ್ದಿ.

"ನಡೀರಿ," ಎಂದರು. "ಗೂಬೆಗೆ ಹಗಲಲ್ಲೂ ಕಣ್ಣು ಕಾಣುತ್ತೆ ಅಂತ ತೋರಿಸೋಣ."

ಆ ಹೆಸರು ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಗಡಿಯಾರದಕ್ಕ ದಿಂಬಿಗೆ ಒರಗಿ ಕೂತಿದ್ದಳು. ವಯಸ್ಸು ಮೂವತ್ತು ದಾಟಿರಬಹುದು. ಪಕ್ಕದ ಸ್ಟೂಲಿನಲ್ಲಿ ಅವಳ ಅಪ್ಪ, ಕಾಲ ಬಳಿ ಊಟದ ಡಬ್ಬಿ. ಅವರು ಉಸಿರೆಳೆದಾಗಲೆಲ್ಲ ಎದೆಯಿಂದ ಸೀಟಿ ಊದಿದ ಸದ್ದು ಬರುತ್ತಿತ್ತು.

ಅಕ್ಕನ ಬಲಗೈ ಹೊದಿಕೆಯ ಕೆಳಗಿತ್ತು. ಹೊದಿಕೆ ಅಲುಗುತ್ತಿತ್ತು.

"ಏನಮ್ಮಾ, ಒಳಗೇನು ಕಾರ್ಖಾನೆ?" ಎಂದರು ಮೇಡಂ.

ಅಕ್ಕ ಕೈ ಹೊರತೆಗೆದಳು. ಬೆರಳುಗಳ ನಡುವೆ ಒಂದು ಹಳೆಯ ಕೈಗಡಿಯಾರ. ಕೀ ಕೊಡುವ ಗುಂಡಿಯನ್ನು ಹೆಬ್ಬೆರಳು ತೋರುಬೆರಳಿನಿಂದ ತಿರುಗಿಸಲು ನೋಡುತ್ತಿದ್ದಳು. ಬೆರಳು ಜಾರುತ್ತಿತ್ತು. ಮತ್ತೆ ಹಿಡಿಯುತ್ತಿದ್ದಳು.

"ಮೊದಲು ಇಷ್ಟೂ ಆಗ್ತಿರ್ಲಿಲ್ಲ ಡಾಕ್ಟ್ರೇ," ಎಂದಳು. ಮಾತು ಕೊಂಚ ನಿಧಾನ, ಆದರೆ ಗಟ್ಟಿ. "ಈಗೀಗ ಸ್ವಲ್ಪ ಮಾತು ಕೇಳ್ತಿದೆ. ಯಾರೂ ನಂಬ್ತಿಲ್ಲ. ನಾಳೆ ತಲೇಲಿರೋದನ್ನ ಕತ್ತರಿಸಿದ ಮೇಲೂ ಕೇಳುತ್ತಾ?"

ಮೇಡಂ ಮಂಚದ ಅಂಚಿನಲ್ಲಿ ಕೂತು ತಮ್ಮ ಕೈಗಡಿಯಾರ ಬಿಚ್ಚಿದರು.

"ಇದು ಹಿಂದೆ ಬೀಳ್ತಾ ಇದೆ. ಒಂದು ಸಲ ನೋಡ್ತೀಯಾ?"

ಅಕ್ಕನ ಮುಖ ಅರಳಿತು. ದಿಂಬಿನ ಕೆಳಗೆ ಎಡಗೈ ಹಾಕಿದಳು. ಮೊದಲು ಗಾಜಿನ ಮುಚ್ಚಳದ ಒಂದು ಪುಟ್ಟ ಡಬ್ಬಿ ಕೈಗೆ ಬಂತು. ಗಡಿಯಾರದ ಬಿಡಿಭಾಗ ಇಡುವಂಥದ್ದು. ಅದನ್ನು ಬೇಗನೆ ಒಳಗೆ ತಳ್ಳಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಲೆನ್ಸನ್ನು ತೆಗೆದಳು. ಎಡಗಣ್ಣಿಗೆ ಸಿಕ್ಕಿಸಿ ಹುಬ್ಬು ಇಳಿಸಿ ಬಿಗಿಹಿಡಿದಳು.

"ಯಾವಾಗ್ಲೂ ಎಡಗಣ್ಣಿಗೇನಾ?"

"ಅವಳ ಕಣ್ಣಿಗೇನಾಗಿದೆ?" ಎಂದು ಅಪ್ಪ ತಟ್ಟನೆ ಕೇಳಿದರು. "ಕಣ್ಣಿನ ಚಾರ್ಟು ಕೊನೇ ಸಾಲಿನವರೆಗೂ ಓದಿದ್ದಾಳೆ, ಬೇಕಾದ್ರೆ ನರ್ಸಮ್ಮನ್ನ ಕೇಳಿ. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬುದು ಇದಕ್ಕೇ. ಕಣ್ಣಿಗೆ ಏನಾದರೂ ಆಗಿದೆಯೇ ಎಂದು ನಾವು ಕೇಳಿಯೇ ಇರಲಿಲ್ಲ.

"ಹಿಂದೆ ಯಾವತ್ತಾದ್ರೂ ಕಣ್ಣು ಮಂಜಾಗಿತ್ತಾ? ಕಾಲು ಜೋಮು? ಮಾತು ತೊದಲು?" ಮೇಡಂ ಅಕ್ಕನನ್ನೇ ಕೇಳಿದರು.

ಅಕ್ಕ ಲೆನ್ಸ್ ತೆಗೆದಳು. ಅಪ್ಪನ ಕಡೆ ನೋಡಿದಳು.

"ಇಲ್ಲ," ಎಂದಳು. "ನನಗೆ ಏನೂ ಆಗಿಲ್ಲ."

ಹೊರಗೆ ಬಂದ ಮೇಲೆ ಮೇಡಂ ಮೆಟ್ಟಿಲ ಬಳಿ ನಿಂತರು. "ನೋಡಿದ್ರಾ?"

"ಎಡಗಣ್ಣಿಗೆ ಹಾಕ್ತಾಳೆ. ಅದರಲ್ಲೇನಿದೆ? ನಮ್ಮ ಚಿಕ್ಕಪ್ಪ ಎಡಗೈಲಿ ಬರೀತಾರೆ."

"ಎಡಗಣ್ಣಿನ ಸುತ್ತ ಲೆನ್ಸ್ ಒತ್ತಿದ ಗುರುತಿದೆ, ಸರಿ. ಬಲಗಣ್ಣಿನ ಸುತ್ತಲೂ ಇದೆ ಮಾರಾಯರೇ. ಅದು ಮಾಸಿದೆ, ಹಳೇದು. ಅವಳು ವರ್ಷಗಟ್ಟಲೆ ಬಲಗಣ್ಣಲ್ಲಿ ಕೆಲಸ ಮಾಡಿದ್ದಾಳೆ. ಒಂದು ದಿನ ಬಿಟ್ಟಿದ್ದಾಳೆ. ಕಲಿತ ಕಣ್ಣನ್ನ ಯಾರೂ ಸುಮ್ಮನೆ ಬದಲಾಯಿಸಲ್ಲ."

ಸಂಜೆಯ ಹೊತ್ತಿಗೆ ನಾವು ಅಕ್ಕನ ಅಪ್ಪನ ಜೊತೆ ಅವಳ ಗಡಿಯಾರದ ಅಂಗಡಿಯಲ್ಲಿದ್ದೆವು. ಒಂದು ಕಡೆ ಬೀಗದ ಕೈ ಮಾಡುವವನು, ಇನ್ನೊಂದು ಕಡೆ ಚಪ್ಪಲಿ ಅಂಗಡಿ, ನಡುವೆ ನಾಲ್ಕು ಜನ ನಿಂತರೆ ತುಂಬಿಹೋಗುವ ಜಾಗ. ಅಪ್ಪ ಬಾಗಿಲು ಪೂರ್ತಿ ಎತ್ತದೆ ನಮ್ಮನ್ನು ಬಗ್ಗಿಸಿ ಒಳಗೆ ಬಿಟ್ಟರು. ಅಂಗಡಿ ತೆರೆದಿದೆ ಎಂದು ಯಾರೂ ತಿಳಿಯಬಾರದಂತೆ.

ಗೋಡೆ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು.

"ಇದರಲ್ಲಿ ಸರಿಯಾಗಿರೋದು ಯಾವುದು?" ಎಂದು ಕೇಳಿದೆ.

"ಸರಿಯಾಗಿದ್ರೆ ಇಲ್ಲಿಗ್ಯಾಕೆ ಬರ್ತಾವೆ?" ಎಂದರು ಅಪ್ಪ. ಆ ಮಾತು ಆಸ್ಪತ್ರೆಗೂ ಹೊಂದುತ್ತದೆ.

ಮೇಡಂ ಯಾವ ಗಡಿಯಾರವನ್ನೂ ನೋಡಲಿಲ್ಲ. ಅಕ್ಕನ ಕೆಲಸದ ಮೇಜಿನ ಮೇಲೆ ಬಗ್ಗಿದರು. ವರ್ಷಾನುಗಟ್ಟಲೆ ಮೊಣಕೈ ಉಜ್ಜಿ ನುಣುಪಾದ ಹಲಗೆ. ಅದರ ಅಂಚಿಗೆ, ಬಿಚ್ಚಿದ ವಾಚನ್ನು ಹಿಡಿದಿಡುವ ಕಬ್ಬಿಣದ ಸಣ್ಣ ಹಿಡಿಕೆಯನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಆ ಹಿಡಿಕೆಯಿಂದ ಸ್ವಲ್ಪ ಬಲಕ್ಕೆ ಮೇಣ ತುಂಬಿ ಮುಚ್ಚಿದ ತೂತುಗಳು.

"ಕೂತ್ಕೊಳ್ಳಿ," ಎಂದರು ನನಗೆ.

"ನಾನಾ? ಈ ಕುರ್ಚಿ ನನ್ನ ಭಾರ ತಡೆಯುತ್ತಾ ಮೇಡಂ?"

"ತಡೆಯದಿದ್ರೆ ಆಸ್ಪತ್ರೆ ಹತ್ರಾನೇ ಇದೆ. ಕೂತ್ಕೊಳ್ಳಿ."

ಕೂತೆ. ಮೇಜಿನ ಮೇಲಿದ್ದ ಇನ್ನೊಂದು ಲೆನ್ಸನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದೆ. ಎರಡು ಸಲ ಬಿದ್ದುಹೋಯಿತು, ಮೂರನೆಯ ಸಲ ನಿಂತಿತು. ನನ್ನ ಕಣ್ಣಿನ ನೇರಕ್ಕೆ ಬಂದದ್ದು ಹಿಡಿಕೆಯಲ್ಲ, ಮೇಣದ ತೂತುಗಳು. ಲೆನ್ಸನ್ನು ಎಡಗಣ್ಣಿಗೆ ಬದಲಾಯಿಸಿದೆ. ಈಗ ಹಿಡಿಕೆ ನೇರಕ್ಕೆ ಬಂತು.

ನಾನು ಲೆನ್ಸ್ ತೆಗೆದು ಅಪ್ಪನ ಮುಖ ನೋಡಿದೆ.

"ಇದನ್ನ ಯಾಕೆ ಎಡಕ್ಕೆ ಸರಿಸಿದ್ರಿ ಯಜಮಾನ್ರೇ?" ಮೇಡಂ ದನಿಯಲ್ಲಿ ಏರು ಇರಲಿಲ್ಲ.

"ಹಲಗೆ... ಹಲಗೆಗೆ ಹುಳ ಹಿಡಿದಿತ್ತು."

ಮೇಡಂ ತೂತುಗಳಿದ್ದ ಕಡೆ ಬೆರಳಗೆಣ್ಣಿನಿಂದ ಬಡಿದರು. ಗಟ್ಟಿ ಮರದ ಟಕಟಕ ಸದ್ದು ಬಂತು.

"ಹಲಗೆಗೆ ಹುಳ ಹಿಡಿದಿಲ್ಲ. ನಿಮ್ಮ ಮಾತಿಗೆ ಹಿಡಿದಿದೆ."

"ಡಾಕ್ಟ್ರಮ್ಮಾ, ನಾಳೆ ನನ್ನ ಮಗಳ ತಲೆ ಒಡೀತಾರೆ. ಇವತ್ತು ನೀವು ಮೇಜಿನ ತೂತು ಎಣಿಸ್ತಾ ಕೂತಿದ್ದೀರಿ!"

"ಈ ತೂತಿನಲ್ಲೇ ನಿಮ್ಮ ಮಗಳ ಕೈ ಇದೆ!" ಈಗ ಮೇಡಂ ದನಿ ಏರಿತು. "ಬಲಗಣ್ಣಿಗೆ ಏನಾಗಿತ್ತು? ನೀವು ಈಗ ಬಾಯಿ ಬಿಡದಿದ್ರೆ ನಾಳೆ ಅವರು ಕತ್ತರಿಸಿಬಿಡ್ತಾರೆ. ಆಮೇಲೆ ನೀವು ಹೇಳಿ ಪ್ರಯೋಜನ ಇಲ್ಲ, ನಾನು ಕೇಳಿ ಪ್ರಯೋಜನ ಇಲ್ಲ."

ಹೊರಗೆ ಬೀಗದವನು ಏನನ್ನೋ ಅರದಿಂದ ಉಜ್ಜುತ್ತಿದ್ದ. ಅಪ್ಪ ಗೋಡೆಗೆ ಒರಗಿ ನಿಧಾನವಾಗಿ ಸ್ಟೂಲಿನ ಮೇಲೆ ಕುಸಿದರು.

"ಮೂರು-ನಾಲ್ಕು ವರ್ಷ ಆಯ್ತು," ಎಂದರು. "ಅಂಗಡಿ ಆಗ ತಾನೇ ಅವಳ ಕೈಗೆ ಬಂದಿತ್ತು. ಒಂದು ಬೆಳಿಗ್ಗೆ, ಅಪ್ಪಾ, ಈ ವಾಚಿನೊಳಗಿನ ಕೆಂಪು ಕಲ್ಲುಗಳೆಲ್ಲ ಯಾಕೆ ಮಾಸಿಹೋಗಿವೆ ಅಂದಳು."

"ಕೆಂಪು ಕಲ್ಲು?"

"ವಾಚಿನ ಚಕ್ರಗಳು ತಿರುಗೋದೇ ಆ ಕಲ್ಲುಗಳ ಮೇಲೆ. ಸಾಸಿವೆಗಿಂತ ಸಣ್ಣವು, ದಾಳಿಂಬೆ ಬೀಜದ ಬಣ್ಣ. ನಾನು ನೋಡಿದ್ರೆ ಕೆಂಪಗೇ ಇದ್ವು. ಇನ್ನೊಂದು ಕಣ್ಣಲ್ಲಿ ನೋಡು ಮಗಳೇ ಅಂದೆ. ಎಡಗಣ್ಣಲ್ಲಿ ಕೆಂಪು ಅಂದಳು. ಬಲಗಣ್ಣಲ್ಲಿ ಬೂದಿ ಅಂದಳು. ಎರಡು ದಿನದಲ್ಲಿ ಬಲಗಣ್ಣಿಗೆ ಪೂರ್ತಿ ಮಂಜು."

"ಕಣ್ಣು ಹೊರಳಿಸಿದ್ರೆ ನೋವಿತ್ತಾ?"

ಅಪ್ಪ ತಲೆಯೆತ್ತಿದರು. "ಇತ್ತು. ನಿಮಗೆ ಹೇಗೆ ಗೊತ್ತು?"

"ಆ ಕಳ್ಳನ ಕೈಚಳಕ ನನಗೆ ಪರಿಚಯ. ಕಣ್ಣಿನ ನರಕ್ಕೂ ಅದೇ ಹೊದಿಕೆ ಇದೆ. ಮೊದಲು ಬಣ್ಣ ಕದೀತಾನೆ, ಅದರಲ್ಲೂ ಕೆಂಪು. ಯಾಕೆ ಯಾರಿಗೂ ಹೇಳಲಿಲ್ಲ?"

"ಕಣ್ಣು ಹೋದ ಗಡಿಯಾರದವಳ ಕೈಗೆ ಯಾರಮ್ಮಾ ವಾಚು ಕೊಡ್ತಾರೆ? ಊರಿಗೆಲ್ಲ ಗೊತ್ತಾದ್ರೆ ಬಾಗಿಲು ಹಾಕೋದೇ. ನಮ್ಮಪ್ಪನ ಕಾಲದಿಂದಲೂ ನಮ್ಮಲ್ಲಿ ಇದೇ ರೂಢಿ. ಕೈ ಕುಯ್ದುಕೊಂಡ್ರೆ ತೋರಿಸ್ತೀವಿ, ಕಾಲು ಮುರಿದ್ರೆ ಹೇಳ್ಕೊಳ್ತೀವಿ, ಕಣ್ಣಿನ ಸುದ್ದಿ ಮಾತ್ರ ಹೊಸಿಲು ದಾಟಬಾರದು. ನನ್ನ ಮೇಲಾಣೆ ಹಾಕಿಸಿಕೊಂಡೆ. ಹಿಡಿಕೆ ಸರಿಸಿಕೊಟ್ಟೆ. ಒಂದೆರಡು ತಿಂಗಳಲ್ಲಿ ಕಣ್ಣು ಬಂತು. ಅವಳು ಮತ್ತೆ ಆ ಕಣ್ಣನ್ನ ನಂಬಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಾತು ಹೇಳಿದ್ದರೆ ಇಷ್ಟು ದಿನದ ಒದ್ದಾಟ ಇರುತ್ತಿರಲಿಲ್ಲ. ಆದರೂ ಆ ಮುದುಕರ ಮುಖ ನೋಡಿ ಬೈಯಲಿಲ್ಲ. ಮಗಳ ಅನ್ನ ಉಳಿಸಲು ಹೋಗಿ ಮಗಳ ಕೈಗೇ ಕುತ್ತು ತಂದಿದ್ದರು, ಅದು ಅವರಿಗೆ ಆಗಲೇ ಅರ್ಥವಾಗಿತ್ತು.

ಮೇಡಂ ಕಣ್ಣು ಮಾತ್ರ ಹೊಳೆಯುತ್ತಿತ್ತು. ಬೇರೆ ಕಾಲ, ಬೇರೆ ಜಾಗ. ಹಳೆಯ ಕನ್ನ ಸಿಕ್ಕಿತ್ತು.

ಅಷ್ಟರಲ್ಲಿ ಅಪ್ಪನಿಗೆ ಕೆಮ್ಮು ಒತ್ತರಿಸಿತು. ಎದೆಯ ಸೀಟಿ ಜೋರಾಯಿತು. ಜೇಬಿನಿಂದ ಒಂದು ಬಾಟಲಿ ತೆಗೆದು ಅಂಗೈಗೆ ಮಾತ್ರೆ ಸುರಿದುಕೊಂಡು ಒಂದನ್ನು ನುಂಗಿದರು.

"ಏನದು?"

"ಉಬ್ಬಸದ್ದು. ಹಳೇ ಗೆಣೆಕಾರ."

ಮೇಡಂ ಬಾಟಲಿ ಇಸಿದುಕೊಂಡು ದೀಪದ ಕೆಳಗೆ ಹಿಡಿದು ಓದಿದರು. ಅವರ ಮುಖದ ಹೊಳಪು ನನ್ನ ಕಣ್ಣೆದುರೇ ಆರಿಹೋಯಿತು.

"ಇದು ಸ್ಟಿರಾಯ್ಡ್. ಇದನ್ನ ಅವಳಿಗೆ ಕೊಟ್ಟಿದ್ರಾ?"

"ಆಗ ಕೊಟ್ಟಿದ್ದೆ. ಅದರಿಂದಲೇ ಕಣ್ಣು ವಾಸಿ ಆಯ್ತಲ್ಲ."

"ಈಗ?"

ಅಪ್ಪ ನೆಲ ನೋಡಿದರು.

"ಯಜಮಾನ್ರೇ, ಈಗ?"

"ದಿನಾ ಊಟದ ಡಬ್ಬಿ ಜೊತೆ ಒಂದು ಕೊಡ್ತಿದ್ದೀನಿ. ನೀವು ಫಿಟ್ಸ್ ಮಾತ್ರೆ ಬಿಟ್ಟು ಏನೂ ಕೊಡ್ತಿಲ್ಲವಲ್ಲ! ಹೆತ್ತ ಕರುಳು ಕೈಕಟ್ಟಿ ಕೂರುತ್ತಾ?"

ಮೇಡಂ ಬಾಟಲಿಯನ್ನು ಮೇಜಿನ ಮೇಲಿಟ್ಟು ಬಗ್ಗಿ ಹೊರಗೆ ನಡೆದರು.

ಬೀದಿಯಲ್ಲಿ ನಾನು ಅವರ ಹಿಂದೆ ಓಡಿದೆ. "ಕಣ್ಣಿನ ವಿಷಯ ಸಿಕ್ತಲ್ಲ ಮೇಡಂ! ಮುಖ ಯಾಕೆ ಹಾಗೆ?"

"ಸ್ಟಿರಾಯ್ಡ್ ಕೊಡಬೇಡಿ ಅಂತ ಮೊದಲ ದಿನವೇ ಸಾಹೇಬರಿಗೆ ಕೈಮುಗಿದು ಹೇಳಿದ್ದೆ, ಯಾಕೆ ಗೊತ್ತಾ? ಆ ಮಾತ್ರೆ ಬಿದ್ರೆ ನಮ್ಮ ವೇಷಗಾರ ಕುಗ್ತಾನೆ. ಲಿಂಫೋಮಾನೂ ಕುಗ್ತಾನೆ. ಇಬ್ಬರೂ ಒಂದೇ ಬಾಗಿಲಿಂದ ಓಡಿಹೋಗ್ತಾರೆ, ಯಾರು ಓಡಿದ್ದು ಅಂತ ಗೊತ್ತಾಗಲ್ಲ. ಚೂರು ತೆಗೆದು ನೋಡಿದ್ರೂ ಗುರುತು ಅಳಿಸಿಹೋಗಿರುತ್ತೆ. ಇಷ್ಟು ದಿನ ಆ ತಂದೆ ಪ್ರೀತಿಯಿಂದ ಬೆರಳಚ್ಚು ಒರೆಸ್ತಾ ಕೂತಿದ್ದಾರೆ."

ಬೆಳಿಗ್ಗೆ ಆಪರೇಷನ್ನಿಗೆ ಮುಂಚೆ ದಾರಿ ಗುರುತಿಸಲು ಇನ್ನೊಂದು ಸ್ಕ್ಯಾನ್ ಮಾಡುವುದು ಪದ್ಧತಿ. ಅದಕ್ಕೂ ಮೊದಲೇ ಮೇಡಂ ಕಣ್ಣಿನ ಡಾಕ್ಟರನ್ನು ಹಾಸಿಗೆಯಿಂದ ಎಬ್ಬಿಸಿ ಕರೆಸಿದ್ದರು. ಅವರು ಆಕಳಿಸುತ್ತಲೇ ಟಾರ್ಚ್ ಬಿಟ್ಟು ನೋಡಿ, ಬಲಗಣ್ಣಿನ ನರ ಬಿಳಿಚಿಕೊಂಡಿದೆ, ಹಳೆಯ ಪೆಟ್ಟು, ಎಂದರು. ಎಡಗಣ್ಣಿನೊಳಗೆ ಏನೂ ದೋಷ ಕಾಣಲಿಲ್ಲ.

ನಾನು ಅಕ್ಕನನ್ನು ಯಂತ್ರದ ಹಲಗೆಯ ಮೇಲೆ ಮಲಗಿಸಿದೆ. ಅವಳು ಎಡಗಣ್ಣನ್ನು ಉಜ್ಜಿಕೊಳ್ಳುತ್ತಿದ್ದಳು.

"ನಿದ್ದೆ ಬರಲಿಲ್ವಾ ಅಕ್ಕ?"

"ನಿಮ್ಮ ಕೋಣೆ ಇಷ್ಟು ಚಳಿ ಯಾಕಣ್ಣಾ? ಕಣ್ಣೆಲ್ಲ ನೋಯ್ತಿದೆ."

"ಯಂತ್ರಕ್ಕೆ ಸೆಖೆ ಆಗಲ್ಲ, ಅದಕ್ಕೆ. ನಮಗೆ ನೆಗಡಿ ಆದ್ರೆ ಯಾರಿಗೂ ಚಿಂತೆ ಇಲ್ಲ."

ನಕ್ಕಳು. ಅವಳನ್ನು ಒಳಗೆ ಕಳಿಸಿದೆ.

ಚಿತ್ರಗಳು ಪರದೆಗೆ ಬಂದಾಗ ನನಗೆ ಮೊದಲು ಬೇರೆಯವರ ಸ್ಕ್ಯಾನ್ ತೆರೆದೆನೇನೋ ಎನಿಸಿತು. ಹೆಸರು ನೋಡಿದೆ. ಅವಳದೇ. ನಿಂಬೆಹಣ್ಣು ನೆಲ್ಲಿಕಾಯಿಯಾಗಿತ್ತು.

ಕತ್ತರಿ ಸಾಹೇಬರು ಹಸಿರು ಟೋಪಿ ಹಾಕಿಕೊಂಡೇ ಓಡಿಬಂದರು. ಪರದೆ ನೋಡಿದರು. ಕಣ್ಣಿನ ಡಾಕ್ಟರರ ಮಾತು ಕೇಳಿದರು. ಮೇಡಂ ಮಾತ್ರೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಮುಚ್ಚಿಡುತ್ತಿದ್ದೆನೇನೋ.

"ಹಾಗಾದ್ರೆ ಈ ಕುಗ್ಗಿದ್ದಕ್ಕೆ ಬೆಲೆ ಇಲ್ಲ," ಎಂದರು ಸಾಹೇಬರು. "ಒಂದೋ ನಿಮ್ಮ ವೇಷಗಾರ, ಇಲ್ಲಾ ಲಿಂಫೋಮಾ. ಕಣ್ಣಿನ ಹಳೇ ಕಥೆ ನಿಮ್ಮ ಕಡೆ ಇದೆ, ಒಪ್ತೀನಿ. ಆದ್ರೆ ಮಾತ್ರೆ ನಿಂತ ಮೇಲೆ ಲಿಂಫೋಮಾ ಎದ್ದು ಬಂದ್ರೆ? ಇವತ್ತು ಚೂರಾದ್ರೂ ತೆಗೀಲೇಬೇಕು, ಇರೋ ಗುರುತೂ ಅಳಿಯೋ ಮುಂಚೆ."

ಸಾಹೇಬರು ಹೊರಟರು, ಮೇಡಂ ಮತ್ತು ನಾನು ಹಿಂದೆಯೇ ನಡೆದೆವು.

ಆಪರೇಷನ್ ಕೋಣೆಯ ಹೊರಗಿನ ಹಜಾರದಲ್ಲಿ ಅಕ್ಕ ಗಾಲಿಮಂಚದ ಮೇಲೆ ಕಾಯುತ್ತಿದ್ದಳು. ತಲೆಯ ಎಡಬದಿಯಲ್ಲಿ ಕೂದಲು ಬೋಳಿಸಿದ್ದರು. ಅಪ್ಪ ಅವಳ ಪಾದ ಹಿಡಿದುಕೊಂಡು ಅಳುತ್ತಿದ್ದರು.

"ಎಲ್ಲ ಹೇಳಿಬಿಟ್ಟೆ ಮಗಳೇ. ಕಣ್ಣಿನ ವಿಷಯ, ಮಾತ್ರೆ ವಿಷಯ, ಎಲ್ಲ. ಆ ಮಾತ್ರೆಯಿಂದ ಹೀಗಾಯ್ತಂತೆ. ನಾನೇ ಕೆಡಿಸಿಬಿಟ್ಟೆ."

"ಯಾವ ಮಾತ್ರೆ ಅಪ್ಪಾ?"

"ನನ್ನ ಉಬ್ಬಸದ ಮಾತ್ರೆ, ದಿನಾ ಕೊಡ್ತಿದ್ನಲ್ಲ."

ಅಕ್ಕ ಎಡಗೈಯಿಂದ ವಾರ್ಡಿನಿಂದ ತಂದ ದಿಂಬಿನ ಕೆಳಗೆ ತಡಕಿ ಆ ಗಾಜಿನ ಮುಚ್ಚಳದ ಡಬ್ಬಿ ತೆಗೆದು ಎದೆಯ ಮೇಲಿಟ್ಟಳು. ಒಳಗೆ ಚಕ್ರಗಳಿರಲಿಲ್ಲ, ಸ್ಕ್ರೂಗಳಿರಲಿಲ್ಲ. ತುಂಬ ಬಿಳಿ ಮಾತ್ರೆಗಳು.

"ನಿನ್ನ ಮಾತ್ರೆ ನಾನು ತಿಂದ್ರೆ ನಿನ್ನ ಎದೆಗೇನು ಉಳಿಯುತ್ತಪ್ಪಾ?" ಎಂದಳು. "ಹೋದ ಸಲಾನೂ ತಿಂದಿಲ್ಲ. ನೀನು ಮಲಗಿದಾಗ ಬಾಟಲಿಗೇ ವಾಪಸ್ ಹಾಕ್ತಿದ್ದೆ. ಮನೆಗೆ ಬಂದ ಮೇಲೆ ಇದನ್ನೂ ಹಾಕೋಣ ಅಂತಿದ್ದೆ."

ಮೇಡಂ ಡಬ್ಬಿ ಕೈಗೆತ್ತಿಕೊಂಡರು. ಒಂದು ಮಾತ್ರೆ ಹೊರಗೆ ತೆಗೆದು, ಅಪ್ಪನ ಬಾಟಲಿಯಲ್ಲಿದ್ದ ಮಾತ್ರೆಯ ಪಕ್ಕ ಇಟ್ಟು ನೋಡಿದರು. ಅದೇ ಗಾತ್ರ, ಅದೇ ಅಚ್ಚು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡುವ ಹೆಂಗಸು ಅವರು. ಅಪ್ಪ ಕೊಟ್ಟದ್ದನ್ನೆಲ್ಲ ಲೆಕ್ಕ ಹಾಕಿಸಿದರು. ಒಂದೂ ಕಡಿಮೆ ಇರಲಿಲ್ಲ.

"ಸಾರ್," ಎಂದರು. "ಸ್ಟಿರಾಯ್ಡ್ ಒಂದು ಚೂರೂ ಒಳಗೆ ಹೋಗಿಲ್ಲ. ಇದು ತಾನಾಗೇ ಕುಗ್ಗಿದೆ. ನಿಮ್ಮ ಮೊದಲನೆಯವನು ತಾನಾಗೇ ಕುಗ್ತಾನಾ?"

"ಇಲ್ಲ," ಎಂದರು ಸಾಹೇಬರು.

"ಎರಡನೆಯವನು?"

"ತೀರಾ ಅಪರೂಪ." ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಆದ್ರೆ ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಒಂದು ಒಪ್ಪಂದಕ್ಕೆ ಬರೋಣ. ಇನ್ನೊಂದು ವಾರ ಕಾಯ್ತೀನಿ, ಏನೂ ಕೊಡದೆ. ಮತ್ತೆ ಸ್ಕ್ಯಾನ್ ಮಾಡೋಣ. ಇನ್ನೂ ಕುಗ್ಗಿದ್ರೆ ನೀವು ಗೆದ್ರಿ, ಈ ತಲೆಗೆ ನಾನು ಕೈ ಹಚ್ಚಲ್ಲ. ಆದ್ರೆ ಅಲ್ಲೀವರೆಗೂ ಸ್ಟಿರಾಯ್ಡ್ ಒಂದು ಹನಿಯೂ ಬೀಳಬಾರದು. ಬಿತ್ತೋ, ಇಡೀ ಸಾಕ್ಷಿ ಕೆಡ್ತು."

"ಒಪ್ಪಿದೆ," ಎಂದರು ಮೇಡಂ.

ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನನಗೂ ಕಣ್ಣು ತುಂಬಿತು, ಅದನ್ನು ಮುಚ್ಚಿಡುವುದೇಕೆ? ಗಾಲಿಮಂಚವನ್ನು ವಾರ್ಡಿನ ಕಡೆ ತಿರುಗಿಸಲು ನಾನೇ ಮುಂದೆ ಬಂದೆ.

ಅಕ್ಕ ಮಾತ್ರ ನಗುತ್ತಿರಲಿಲ್ಲ. ಎದುರಿನ ಗೋಡೆಯ ದೊಡ್ಡ ಗಡಿಯಾರವನ್ನೇ ನೋಡುತ್ತಿದ್ದಳು. ಬಲಗೈಯನ್ನು ಕಷ್ಟಪಟ್ಟು ಎತ್ತಿ ಎಡಗಣ್ಣು ಮುಚ್ಚಿದಳು. ತೆಗೆದಳು. ಈಗ ಬಲಗಣ್ಣು ಮುಚ್ಚಿದಳು.

"ಅಣ್ಣಾ, ಒಂದು ನಿಮಿಷ ನಿಲ್ಲಿ. ಆ ಗಡಿಯಾರದ ಸೆಕೆಂಡ್ ಮುಳ್ಳು ಯಾವ ಬಣ್ಣ?"

ನಾನು ನೋಡಿದೆ. "ಕೆಂಪು. ಯಾಕಕ್ಕ?"

ಅವಳು ಬಲಗಣ್ಣಿನ ಮೇಲಿದ್ದ ಕೈ ತೆಗೆಯಲಿಲ್ಲ.

"ನಿನ್ನೆ ನನಗೂ ಕೆಂಪಗೇ ಕಾಣ್ತಿತ್ತು," ಎಂದಳು.

ಮೇಡಂ ಡಬ್ಬಿಯೊಳಗಿನ ಬಿಳಿ ಮಾತ್ರೆಗಳನ್ನೇ ನೋಡುತ್ತಾ ನಿಂತುಬಿಟ್ಟರು: ಎಡಗಣ್ಣಿಗೆ ಈಗ ಬೇಕಾದ ಮದ್ದೂ ಅದೇ, ವಾರವಿಡೀ ಮುಟ್ಟಬಾರದ ಮದ್ದೂ ಅದೇ.